ಒಂದೇ ಸಲದ ಟೇಪು

ಕಾಗದ ಪ್ರಿಂಟರಿನಿಂದ ತಲೆಕೆಳಗಾಗಿ ಹೊರಬರುತ್ತಿತ್ತು. ಹಾಗಾಗಿ ಮೊದಲು ಕಂಡದ್ದು ಸಹಿಗೆಂದು ಬಿಟ್ಟ ಖಾಲಿ ಜಾಗ, ಆಮೇಲೆ ‘ತಮ್ಮ ವಿಶ್ವಾಸಿ’, ಆಮೇಲೆ ಕೊನೆಯ ಸಾಲು: ‘ನನ್ನ ನೆನಪಿನ ಮೇಲೆ ನನಗೇ ಭರವಸೆ ಉಳಿದಿಲ್ಲವಾದ್ದರಿಂದ ಈ ಕೋರಿಕೆಯನ್ನು ಮನ್ನಿಸಬೇಕು.’ ಅವನು ಸಿಕ್ಕಿಕೊಂಡ ಹಾಳೆ ಬಿಡಿಸಲು ಬಂದವನು. ಬೆಳಗಿನಿಂದ ಪ್ರಿಂಟರು ಕೈಕೊಟ್ಟಿದೆ ಅಂತ ಮೂರು ಸಲ ಫೋನು ಬಂದಿತ್ತು, ಮೂರು ಸಲವೂ ‘ಆಯ್ತು, ಬಂದೆ’ ಅಂದಿದ್ದ, ನಾಲ್ಕನೆಯ ಸಲಕ್ಕೆ ನಿಜವಾಗಿ ಬಂದಿದ್ದ. ಸುಕ್ಕುಗಟ್ಟಿದ ಹಾಳೆಯನ್ನು ಎಳೆದು ಮುಚ್ಚಳ ಮುಚ್ಚಿದ್ದೇ ತಡ, ಸರದಿಯಲ್ಲಿ ಕಾದಿದ್ದದ್ದೆಲ್ಲ ಒಂದರ ಹಿಂದೊಂದು ಉದುರತೊಡಗಿತು: ಯಾರದೋ ರಜೆ ಅರ್ಜಿ, ಟೇಪು ಡಬ್ಬಿಗಳ ಪಟ್ಟಿ, ಕೊನೆಗೆ ಇದು. ಬೇರೆಯವರ ಕಾಗದ ಓದಬಾರದು ಅನ್ನುವಷ್ಟು ಬುದ್ಧಿ ಅವನಿಗೂ ಇದೆ. ಆದರೆ ಕಣ್ಣು ಹೇಳಿದ ಮಾತು ಕೇಳುತ್ತದೆಯೇ? ಸೋಮವಾರದಿಂದ ತನಗೆ ಒಂದೇ ಸಲದ ಟೇಪುಗಳನ್ನು ಕೊಡಬಾರದು, ನಿವೃತ್ತಿಯವರೆಗೆ ಡಬ್ಬಿಗಳಿಗೆ ಚೀಟಿ ಬರೆದು ಅಂಟಿಸುವ ಕೆಲಸ ಕೊಟ್ಟರೆ ಸಾಕು, ಇವತ್ತು ನಾಲ್ಕು ಗಂಟೆಗೆ ಬಂದು ಕಾಣುತ್ತೇನೆ. ಇಷ್ಟೇ. ಕಾಗದ ಇನ್ನೂ ಬಿಸಿಯಾಗಿತ್ತು. ಅದನ್ನು ಎರಡು ಕೈಯಲ್ಲಿ ಹಿಡಿದು, ಜ್ವರ ಬಂದ ಯಾರದೋ ಹಣೆ ಮುಟ್ಟಿದಂತೆ ನಿಂತೇ ಇದ್ದ. ಹಿಂದೆ ನಿಂತವರು ಕೆಮ್ಮಿದಾಗ ಸರಿದು ದಾರಿ ಬಿಟ್ಟ.

ಬರೆದವರು ಕಿವಿಯಕ್ಕ. ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಇದೆ. ಹಳೆಯ ದನಿಗಳನ್ನು ಕಾಪಾಡುವ ಈ ಕಟ್ಟಡದಲ್ಲಿ ಇಪ್ಪತ್ತಾರು ವರ್ಷದಿಂದ ಅವರದು ಕೇಳುವ ಕೆಲಸ. ಸವೆದ ಟೇಪನ್ನು ಯಂತ್ರಕ್ಕೆ ಏರಿಸುವುದು, ಅದರ ದನಿಯನ್ನು ಕಂಪ್ಯೂಟರಿಗೆ ಇಳಿಸುವುದು, ಗರಗರ, ಚಟಚಟ ಎಲ್ಲವನ್ನೂ ಹೆಕ್ಕಿ ತೆಗೆಯುವುದು. ಚಕ್ರಕ್ಕೆ ಎಣ್ಣೆ ಬಿಡಬೇಕು ಅನ್ನುವುದನ್ನು ಬಾಗಿಲಾಚೆಯಿಂದಲೇ ಹೇಳಬಲ್ಲರು. ಕೆಲವು ಟೇಪುಗಳು ಎಷ್ಟು ಹಳತೆಂದರೆ ಒಮ್ಮೆ ಓಡಿಸಿದರೆ ಮೇಲಿನ ಲೇಪವೆಲ್ಲ ಪುಡಿಯಾಗಿ ಉದುರಿ ಬರಿಯ ಪಟ್ಟಿ ಉಳಿಯುತ್ತದೆ. ಅವೇ ಒಂದೇ ಸಲದ ಟೇಪುಗಳು. ಅಂಥದ್ದನ್ನು ಏರಿಸಿದ ದಿನ ಕಿವಿಯಕ್ಕ ಕೋಣೆಯ ಹಿಡಿಕೆಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ಅದು ಕಂಡರೆ ಆ ಅಂತಸ್ತಿನವರೆಲ್ಲ ಚಪ್ಪಲಿ, ಬೂಟು ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕು. ಹೀಗೆಂದು ಯಾವ ಆದೇಶದಲ್ಲೂ ಬರೆದಿಲ್ಲ. ಆದರೂ ಮುಖ್ಯಸ್ಥರು, ಎಲ್ಲರೂ ‘ದೊಡ್ಡವರು’ ಅನ್ನುವ ಆ ದಪ್ಪ ಮನುಷ್ಯರು, ಒಂದು ಕೈಯಲ್ಲಿ ಬೂಟು ಇನ್ನೊಂದರಲ್ಲಿ ಕಡತ ಹಿಡಿದು ತೂತಾದ ಕಾಲುಚೀಲದಲ್ಲಿ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹೋಗುವುದನ್ನು ಅವನು ಎಷ್ಟು ಸಲ ನೋಡಿಲ್ಲ. ಕಟ್ಟಡವೇ ಉಸಿರು ಬಿಗಿಹಿಡಿದಿದೆ ಅನ್ನಿಸುತ್ತಿತ್ತು. ತಣ್ಣನೆಯ ನೆಲ ಅಂಗಾಲಿಗೆ ತಾಗಿ ಅವನಿಗೆ ನಿದ್ದೆಯಲ್ಲಿ ನಡೆದಂತೆ ಆಗುತ್ತಿತ್ತು.

ಅವನದು ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಮೇಲಿನ ಕೋಣೆಗಳಲ್ಲಿ ಇಳಿಸಿದ ದನಿಯೆಲ್ಲ ತಂತಿ ಹಿಡಿದು ನೆಲಮಾಳಿಗೆಗೆ ಇಳಿದು ಅಲ್ಲಿನ ಡಿಸ್ಕುಗಳ ದೊಡ್ಡ ಕಪಾಟಿನಲ್ಲಿ ಕೂಡಬೇಕು. ಆ ಕಪಾಟಿಗೆ ಕಟ್ಟಡದವರು ಇಟ್ಟ ಹೆಸರು ಉಗ್ರಾಣ. ದನಿ ನೇರ ಉಗ್ರಾಣಕ್ಕೆ ಹೋಗುವುದಿಲ್ಲ. ಮೊದಲು ಮೇಲಿನ ಯಂತ್ರದ ಮೆಮೊರಿಯಲ್ಲಿ ತಂಗುತ್ತದೆ, ಪೇಟೆಯಿಂದ ತಂದ ಸಾಮಾನನ್ನು ಹಜಾರದಲ್ಲಿ ಇಳಿಸಿಟ್ಟು ಆಮೇಲೆ ಒಳಮನೆಗೆ ಸಾಗಿಸುತ್ತೇವಲ್ಲ, ಹಾಗೆ. ಹಜಾರದಲ್ಲಿ ಎಷ್ಟು ತುಂಬುವವರೆಗೆ ಬಿಡಬಹುದು, ಎಷ್ಟು ಹೊತ್ತು ಬಿಡಬಹುದು ಅನ್ನುವುದಕ್ಕೆ ಎರಡು ಅಂಕಿಗಳಿವೆ. ಅವನ್ನು ಇಡುವವನು ಅವನು. ಒಂದು ಕಾಲದಲ್ಲಿ ಯಂತ್ರಗಳು ಗಳಿಗೆಗೊಮ್ಮೆ ಕಲ್ಲಾಗಿ ನಿಲ್ಲುತ್ತಿದ್ದವು. ತುಂಬಿದ್ದನ್ನೆಲ್ಲ ಒಮ್ಮೆಗೇ ಕೆಳಗೆ ದಬ್ಬಲು ಹೋಗಿ ಉಗ್ರಾಣ ಏದುಸಿರು ಬಿಡುತ್ತಿತ್ತು. ಪರದೆಯ ಮೇಲೆ ದನಿಯ ಗೆರೆ ನಿಂತು ಬಿಡುವುದು, ಕಿವಿಯಕ್ಕ ಎದೆ ಹಿಡಿದುಕೊಂಡು ‘ತಮ್ಮಾ!’ ಅಂತ ಕೂಗುವುದು. ಇದಕ್ಕೆ ಸರಿಯಾದ ಮದ್ದು ಅಂಕಿಗಳನ್ನು ಇಳಿಸುವುದು: ಸ್ವಲ್ಪ ಸ್ವಲ್ಪವೇ, ಬಂದ ಹಾಗೆ ಬಂದ ಹಾಗೆ ಕೆಳಗೆ ಹೋಗುತ್ತಿರಲಿ. ಅದು ಅವನಿಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಆದರೆ ಹಾಗೆ ಮಾಡಿ ನೋಡಿದಾಗ ಯಂತ್ರ ಕೊಂಚ ನಿಧಾನವಾಯಿತು, ಜನ ಗೊಣಗಿದರು, ದೊಡ್ಡವರು ‘ಏನ್ರೀ, ಮೊದಲೇ ವಾಸಿ ಇತ್ತು’ ಅಂದರು. ಆಗ ಅವನು ತಿರುಗಿಸಿ ಎರಡನ್ನೂ ಏರಿಸಿಬಿಟ್ಟ. ಅರ್ಧದಷ್ಟು ಮೆಮೊರಿ ತುಂಬುವವರೆಗೆ, ಒಂದು ಗಂಟೆಯವರೆಗೆ ಎಲ್ಲ ಹಜಾರದಲ್ಲೇ ಇರಲಿ. ಯಂತ್ರಗಳು ಬೆಣ್ಣೆಯಲ್ಲಿ ಚಾಕು ಇಳಿದಂತೆ ಓಡಿದವು. ಉಳಿಸು ಅಂತ ಒತ್ತಿದ ಕ್ಷಣಕ್ಕೆ ‘ಉಳಿಸಲಾಗಿದೆ’ ಅಂತ ಬರುತ್ತಿತ್ತು. ಎಲ್ಲಿ ಉಳಿಸಲಾಗಿದೆ ಅಂತ ಯಾರು ಕೇಳುತ್ತಾರೆ? ಕಿವಿಯಕ್ಕ ಅವನ ಬೆನ್ನು ತಟ್ಟಿ, “ನಿನ್ನ ಕೈಯಲ್ಲಿ ಏನೋ ಇದೆ ಕಣೋ,” ಅಂದಿದ್ದರು. ಆ ಮಾತು ನೆನಪಾದಾಗ ಈಗಲೂ ಬೆನ್ನಿನ ಅದೇ ಜಾಗ ತುರಿಸುತ್ತದೆ.

ಪ್ರಿಂಟರಿನಿಂದ ಕಿವಿಯಕ್ಕನ ಕೋಣೆಗೆ ನಲವತ್ತು ಹೆಜ್ಜೆ. ಅವನು ಹೊರಟ. ಕಿಟಕಿಗಳ ಸಾಲಿನಿಂದ ಬಿಸಿಲು ಬಿದ್ದು ನೆಲದ ಮೇಲೆ ಚೌಕ ಚೌಕವಾಗಿ ಹಾಸಿತ್ತು, ಒಂದು ಚೌಕದಲ್ಲಿ ಅವನ ಕಾಲು ಬೆಚ್ಚಗೆ, ಇನ್ನೊಂದರಲ್ಲಿ ತಣ್ಣಗೆ. ಈಗ ಹೋಗಿ ಹೇಳಿಬಿಡುತ್ತೇನೆ ಅಂದುಕೊಂಡ. ಏನಂತ? ಅಕ್ಕ, ನೀವು ಮರೆತಿರಲಿಲ್ಲ ಅಂತ. ನಾಲ್ಕು ಪದವೂ ಇಲ್ಲ. ಇದೇ ಮಾತನ್ನು ಮೂರು ತಿಂಗಳಿಂದ ಬಸ್ಸಿನಲ್ಲಿ, ಬಚ್ಚಲಲ್ಲಿ, ಕ್ಷೌರದಂಗಡಿಯ ಕನ್ನಡಿಯ ಎದುರು ಹೇಳಿ ಹೇಳಿ ಅದು ಸವೆದು ಹೋಗಿತ್ತು. ಮನೆಯಲ್ಲಿ ಹೆಂಡತಿ ಅವನನ್ನು ಆಡಿಕೊಳ್ಳುತ್ತಾಳೆ: “ನೀವು ಆಯ್ತು ಅಂದ್ರೆ ಇನ್ನೂ ಶುರುವಾಗಿಲ್ಲ ಅಂತ ಅರ್ಥ. ಹ್ಞೂಂ ಅಂದ್ರೆ ಕೇಳಿಸಿಲ್ಲ ಅಂತ.” ನಿಜ. ಯಾರು ಏನು ಹೇಳಿದರೂ ಅವನ ಬಾಯಿ ಮೊದಲು ಒಪ್ಪಿಕೊಂಡು ಬಿಡುತ್ತದೆ. ಮಾತು ಒಳಗಿಳಿಯಲು ಆಮೇಲೆ ದಿನಗಳು ಬೇಕು. ಚಿಕ್ಕವನಿದ್ದಾಗ ಅಮ್ಮ ಸಾಯುವ ಮೊದಲಿನ ವಾರ ‘ಅಪ್ಪನ ಜೊತೆ ಜಗಳ ಆಡಬೇಡ’ ಅಂದಾಗಲೂ ಆಯ್ತಮ್ಮ ಅಂದಿದ್ದ, ಆಡುತ್ತಲೇ ಇದ್ದ, ಅಪ್ಪನೂ ಹೋದ ಎಷ್ಟೋ ವರ್ಷಗಳ ಮೇಲೆ ಒಂದು ದಿನ ರಸ್ತೆ ದಾಟುವಾಗ ಅಮ್ಮನ ಆ ಮಾತು ತಟಕ್ಕನೆ ಕೇಳಿಸಿ ನಡುರಸ್ತೆಯಲ್ಲಿ ನಿಂತುಬಿಟ್ಟಿದ್ದ. ಹಿಂದಿನ ಗಾಡಿಯವನು ಬೈದ ಬೈಗುಳ ಮಾತ್ರ ಕೂಡಲೇ ಕೇಳಿಸಿತ್ತು.

ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಕಿವಿಯಕ್ಕ ಗುನುಗುತ್ತಿದ್ದರು. “ಮೇಲೆ ಎರಡು, ಕೆಳಗೆ ಒಂದು, ಬಿಡು ಮೂರು, ಹಿಡಿ ನೂಲು…” ಹಾಡೂ ಅಲ್ಲ, ಲೆಕ್ಕವೂ ಅಲ್ಲ. ಅದು ಮೂರು ತಿಂಗಳ ಹಿಂದಿನ ಆ ಟೇಪಿನದು. ಒಬ್ಬ ಮುದುಕಿ, ನೇಯುವವಳು, ಹಾಸು ಹೊಕ್ಕುಗಳ ಎಣಿಕೆಯನ್ನು ನಲವತ್ತು ನಿಮಿಷ ಒಂದೇ ಸಮನೆ ಹೇಳಿಕೊಂಡು ಹೋದ ಟೇಪು. ಆ ಬಗೆಯ ಬಟ್ಟೆಯನ್ನು ಈಗ ನೇಯುವವರಿಲ್ಲ, ಎಣಿಕೆ ಬಲ್ಲವರೂ ಇಲ್ಲ. ಅವತ್ತು ಕೆಂಪು ಬಟ್ಟೆ ಕಟ್ಟಿತ್ತು, ಎಲ್ಲರೂ ಬರಿಗಾಲಲ್ಲಿದ್ದರು. ಟೇಪು ಮುಗಿದು ಪುಡಿಯಾಯಿತು. ಕಿವಿಯಕ್ಕ ಉಳಿಸು ಒತ್ತಿದರು, ‘ಉಳಿಸಲಾಗಿದೆ’ ಅಂತ ಬಂತು, ಬಾಗಿಲು ತೆರೆದು ನಗುತ್ತಾ, “ಹಾಕ್ಕೊಳ್ರಪ್ಪಾ ಚಪ್ಪಲಿ,” ಅಂದರು. ಚಹಾ ಬಂತು. ಹತ್ತು ನಿಮಿಷವಾಗಿರಬೇಕು, ಕರೆಂಟು ಕಣ್ಣು ಮಿಟುಕಿಸಿತು. ಬ್ಯಾಟರಿಯೂ ಅವತ್ತೇ ಕೈಚೆಲ್ಲಿತು. ಯಂತ್ರ ಆರಿ ಮತ್ತೆ ಹೊತ್ತಿಕೊಂಡಾಗ ಕಡತದ ಹೆಸರಿತ್ತು, ಒಳಗೆ ಸೊನ್ನೆ. ಹೆಸರು ಕೊಟ್ಟಿದ್ದಾರೆ, ಉಳಿಸುವುದನ್ನು ಮರೆತಿದ್ದಾರೆ ಅಂತ ನೋಡಿದವರಿಗೆಲ್ಲ ಅನ್ನಿಸಿತು. “ಒತ್ತಿದೀನಿ! ಕಣ್ಣಾರೆ ನೋಡಿದೀನಿ!” ಅಂತ ಕಿವಿಯಕ್ಕ ಒಬ್ಬೊಬ್ಬರ ಮುಖ ನೋಡಿ ಹೇಳುತ್ತಿದ್ದರು. ದೊಡ್ಡವರು ಅವನ ಕಡೆ ತಿರುಗಿ, “ಏನ್ರೀ, ಒತ್ತಿದ ಮೇಲೂ ಹೋಗುತ್ತೇನ್ರೀ?” ಅಂದರು. ಅವನು ಅಷ್ಟು ಹೊತ್ತಿಗಾಗಲೇ ಯಂತ್ರ ತಾನೇ ಬರೆದಿಡುವ ದಿನಚರಿ ತೆಗೆದು ನೋಡಿದ್ದ. ಒತ್ತಿದ್ದು, ಹೊತ್ತು, ಎಲ್ಲ ಅಲ್ಲಿತ್ತು. ಕೆಳಗೆ ಒಂದು ಹನಿಯೂ ಇಳಿದಿರಲಿಲ್ಲ. ಅವನ ಅಂಕಿ ಹೇಳಿದಂತೆ ಎಲ್ಲ ಹಜಾರದಲ್ಲೇ ಕೂತಿತ್ತು, ಕರೆಂಟಿನ ಜೊತೆ ಅದೂ ಆರಿಹೋಗಿತ್ತು. ಅವನು ಬಾಯಿ ತೆರೆದ. ಬಂದದ್ದು, “ಕೆಲವು ಸಲ ಹೀಗಾಗುತ್ತೆ ಸರ್, ಗಡಿಬಿಡೀಲಿ.” ಅಷ್ಟೇ. ಯಾರ ಗಡಿಬಿಡಿ ಅಂತ ಅವನು ಹೇಳಲಿಲ್ಲ. ಎಲ್ಲರೂ ಕಿವಿಯಕ್ಕನ ಕಡೆ ನೋಡಿದರು. ಎಷ್ಟು ಸಲೀಸಾಗಿ ಒಬ್ಬರ ತಲೆಯ ಮೇಲೆ ಗೂಬೆ ಕೂರಿಸಬಹುದು! ಅವತ್ತು ಸಂಜೆಯೇ ಅವನು ಎರಡು ಅಂಕಿಗಳನ್ನೂ ತುಟಿಪಿಟಕ್ಕೆನ್ನದೆ ಇಳಿಸಿದ, ದಿನಚರಿಯ ಆ ಪುಟ ಅಳಿಸಿದ. ಈಗ ಎಲ್ಲ ಸರಿಯಾಗಿದೆ. ಕೊಂಚ ನಿಧಾನ, ಯಾರೂ ಗಮನಿಸಲೂ ಇಲ್ಲ. ಆ ಗೊಣಗಾಟಕ್ಕೆ ಹೆದರಿಯೇ ಅಲ್ಲವೇ ಅಂಕಿ ಏರಿಸಿದ್ದು, ಥೂ.

“ಬಾ ತಮ್ಮಾ, ಸಿಕ್ತಾ? ಸಿಕ್ಕಿಹಾಕ್ಕೊಂಡಿತ್ತಂತೆ, ನನ್ನ ಹಾಗೇ,” ಅಂತ ಕಿವಿಯಕ್ಕ ಕಾಗದಕ್ಕೆ ಕೈ ಚಾಚಿದರು. ನಕ್ಕರು ಕೂಡ. ಮೂರು ತಿಂಗಳಲ್ಲಿ ಅವರ ಮುಖ ಇಳಿದಿತ್ತು, ಕಿವಿಯ ಹಿಂದಿನ ಕೂದಲು ಪೂರಾ ಬೆಳ್ಳಗಾಗಿತ್ತು. ಮೇಜಿನ ಮೇಲೆ ಗೆರೆ ಹಾಕಿದ ಸಣ್ಣ ಪುಸ್ತಕ. ಅದರ ತುಂಬ ‘10.40 ಒತ್ತಿದೆ’, ‘11.25 ಒತ್ತಿದೆ, ಎರಡು ಸಲ’, ‘ಕಿಟಕಿ ಹಾಕಿದೆ’, ‘ಮಾತ್ರೆ ತಗೊಂಡೆ’. ಪಕ್ಕದಲ್ಲಿ ಸಾಕ್ಷಿಗಳ ಸಹಿ. ಹೌದು, ಸಾಕ್ಷಿಗಳು. ಉಳಿಸು ಒತ್ತುವ ಮೊದಲು ಅವರು ಯಾರನ್ನಾದರೂ ಕರೆಯುತ್ತಾರೆ, ನೀರು ತರುವವರನ್ನು, ಗುಡಿಸುವವರನ್ನು, ಯಾರೂ ಸಿಗದಿದ್ದರೆ ಅವನನ್ನು. “ನೋಡಪ್ಪಾ, ಒತ್ತಿದೆ ಅಲ್ವಾ? ನೋಡಿದೆ ತಾನೆ?” ಅವನು ನೋಡಿದ್ದೇನೆ ಅಂತ ಸಹಿ ಹಾಕಿದ್ದಾನೆ. ಆ ಪುಸ್ತಕದಲ್ಲಿ ಹನ್ನೆರಡು ಕಡೆ ಅವನ ಸಹಿ ಇದೆ. ಒಂದೊಂದು ಸಹಿ ಹಾಕಿದ ದಿನವೂ ಮನೆಗೆ ಹೋಗಿ ಊಟ ಬಿಟ್ಟಿದ್ದಾನೆ. ಊಟ ಬಿಟ್ಟದ್ದನ್ನು ತನ್ನ ಒಳ್ಳೆಯತನದ ಲೆಕ್ಕಕ್ಕೆ ಸೇರಿಸಿಕೊಂಡೂ ಇದ್ದಾನೆ.

“ಅಕ್ಕ, ಇದನ್ನ ಕೊಡಬೇಡಿ,” ಅಂದ.

“ಓದಿದೆಯಾ? ಓದು ಬಿಡು, ಏನೀಗ. ಎಲ್ಲರಿಗೂ ಗೊತ್ತಿರೋದೇ.” ಕಿವಿಯಕ್ಕ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. “ನಮ್ಮಮ್ಮನಿಗೂ ಐವತ್ತೆಂಟಕ್ಕೇ ಮರೆವು ಶುರುವಾಗಿದ್ದು. ನನಗೆ ಐವತ್ತೇಳು. ಡಾಕ್ಟರು ಏನೂ ಇಲ್ಲ ಅಂತಾರೆ, ತಲೆಯ ಚಿತ್ರ ತೆಗೆದ್ರು, ಗಡಿಯಾರ ಬರೆಸಿದ್ರು, ನೂರರಿಂದ ಏಳೇಳು ಕಳೆಸಿದ್ರು. ಸರಿಯಾಗೇ ಹೇಳಿದೆ. ಆದರೆ ಒಳಗೆ ನನಗೆ ಗೊತ್ತಲ್ಲ. ಒತ್ತಿದ್ದು ಇಷ್ಟು ಚೆನ್ನಾಗಿ ನೆನಪಿದೆ ಕಣೋ, ಬೆರಳಿಗೆ ತಾಗಿದ್ದೂ ನೆನಪಿದೆ. ನಡೀದೇ ಇದ್ದದ್ದು ಇಷ್ಟು ಚೆನ್ನಾಗಿ ನೆನಪಾದ್ರೆ, ನಡೆದದ್ದು ಯಾವುದು ಅಂತ ಹೇಗೆ ಹೇಳಲಿ? ಈ ಮುದುಕಿ ಲೆಕ್ಕಾನೂ ಬಾಯಿಗೆ ಬರ್ತಾ ಇರುತ್ತೆ. ಕೇಳಿದ್ದೋ, ನಾನೇ ಕಟ್ಟಿದ್ದೋ, ದೇವರಿಗೇ ಗೊತ್ತು.”

ಕೋಣೆಯ ಗೋಡೆಗಳಿಗೆ ದನಿ ಹೀರುವ ದಪ್ಪ ಬಟ್ಟೆ ಹೊದಿಸಿತ್ತು. ಅಲ್ಲಿ ಮಾತು ಬಾಯಿಂದ ಹೊರಬಿದ್ದ ಕೂಡಲೇ ಮೆತ್ತಗಾಗುತ್ತದೆ, ಮೂಲೆಗೆ ಹೋಗುವ ಮೊದಲೇ ಕರಗುತ್ತದೆ. ಬಹುಶಃ ಅದೇ ಧೈರ್ಯ ಕೊಟ್ಟಿತು. ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ. ಅವನು ಕುರ್ಚಿಯ ಹಿಂಬದಿ ಹಿಡಿದುಕೊಂಡು ನೆಲ ನೋಡುತ್ತಾ ಹೇಳಿದ. ಅಂಕಿ, ಹಜಾರ, ಉಗ್ರಾಣ, ಒಂದು ಗಂಟೆ. ನೀವು ಒತ್ತಿದ್ರಿ ಅಕ್ಕ, ಯಂತ್ರ ಸುಳ್ಳು ಹೇಳಿತು, ಆ ಸುಳ್ಳು ಹೇಳಿಕೊಟ್ಟವನು ನಾನು. ಮಾತು ಮುಗಿದಾಗ ಮೈ ಹಗುರವಾಗಿ ನೆಲದಿಂದ ಒಂದು ಗೇಣು ಮೇಲೆ ತೇಲಿದಂತಾಯಿತು. ಇಷ್ಟೇನಾ! ಇದಕ್ಕೆ ಮೂರು ತಿಂಗಳು ಬೇಕಾಯಿತೇ!

ತಲೆಯೆತ್ತಿದರೆ ಕಿವಿಯಕ್ಕನ ಕಣ್ಣಲ್ಲಿ ನೀರು. ಎದ್ದು ಬಂದು ಅವನ ತೋಳು ಹಿಡಿದರು. “ಎಷ್ಟು ಒಳ್ಳೇವನೋ ನೀನು,” ಅಂದರು. “ನನ್ನ ಮೇಲಿನ ತಪ್ಪು ನಿನ್ನ ಮೇಲೆ ಹಾಕ್ಕೋತೀಯಾ? ನಾನು ಬೇಜಾರು ಮಾಡ್ಕೋಬಾರದು ಅಂತ? ಬೇಡಪ್ಪಾ. ನಿನಗೂ ಹೆಂಡತಿ ಮಕ್ಕಳಿದಾರೆ, ದೊಡ್ಡವರ ಕಿವಿಗೆ ಬಿದ್ರೆ ಸುಮ್ಮನಿರ್ತಾರಾ?”

“ಅಯ್ಯೋ ಅಕ್ಕ, ನಿಜ ಹೇಳ್ತಿದೀನಿ.”

“ಹ್ಞೂಂ ಹ್ಞೂಂ, ಗೊತ್ತು.” ಮಕ್ಕಳನ್ನು ಸಮಾಧಾನ ಮಾಡುವ ದನಿ. ಅದನ್ನು ಕೇಳಿ ಅವನಿಗೆ ಸಿಟ್ಟೇ ಬಂತು. ಕಳ್ಳ ತಾನಾಗಿ ಬಂದು ಕೈ ಮುಂದೆ ಚಾಚಿದರೆ ಅದರಲ್ಲಿ ಹೂವಿಟ್ಟು ಕಳಿಸುವುದೆಂದರೆ!

“ತೋರಿಸ್ತೀನಿ ಬನ್ನಿ,” ಅಂತ ಅವನು ಅವರನ್ನು ಮೈಕಿನ ಮುಂದೆ ಕೂರಿಸಿದ. ಏನಾದರೂ ಹೇಳಿ ಅಂದ. ಅವರು, “ಒಂದು, ಎರಡು, ಮೂರು, ನಾನು ಇಲ್ಲಿದೀನಿ,” ಅಂದರು. ಉಳಿಸು ಒತ್ತಿದರು. ‘ಉಳಿಸಲಾಗಿದೆ.’ ಅವನು ಬಗ್ಗಿ ಮೇಜಿನ ಕೆಳಗೆ ಹೋಗಿ, ಧೂಳಿನಲ್ಲಿ ಕೈಯಾಡಿಸಿ ಯಂತ್ರದ ಪ್ಲಗ್ ಹುಡುಕಿ ಕಿತ್ತ. ಕೋಣೆ ಗಪ್ಪೆಂದಿತು. ಮತ್ತೆ ಸಿಕ್ಕಿಸಿ, ಯಂತ್ರ ಮೈಮುರಿದು ಏಳುವವರೆಗೆ ಇಬ್ಬರೂ ಕಾದರು. ಕಡತ ತೆರೆದರೆ ಕಿವಿಯಕ್ಕನ ದನಿ ಸ್ಪಷ್ಟವಾಗಿ, ಬೇಕೆಂದೇ ಹಂಗಿಸುವಂತೆ ಬಂತು: ಒಂದು, ಎರಡು, ಮೂರು, ನಾನು ಇಲ್ಲಿದೀನಿ.

“ನೋಡು, ಇದೆಯಲ್ಲ,” ಅಂದರು ಕಿವಿಯಕ್ಕ ಮೆಲ್ಲಗೆ.

ಇರಲೇಬೇಕು. ಅಂಕಿಗಳನ್ನು ಇಳಿಸಿಟ್ಟವನು ಅವನೇ. ಈಗ ಪ್ಲಗ್ ಹುಡುಕುವಷ್ಟರಲ್ಲಿ ದನಿ ಕೆಳಗಿಳಿದು ಭದ್ರವಾಗಿ ಕೂತಿರುತ್ತದೆ. ತನ್ನ ತಪ್ಪು ಮುಚ್ಚಲು ಅವನು ಎಷ್ಟು ಚೊಕ್ಕವಾಗಿ ಕೆಲಸ ಮಾಡಿದ್ದನೆಂದರೆ ಈಗ ಅವನೇ ಹುಡುಕಿದರೂ ಅದರ ಸುಳಿವು ಸಿಗುವಂತಿರಲಿಲ್ಲ. ಕಿವಿಯಕ್ಕ ಕಣ್ಣೊರೆಸಿಕೊಂಡು ಪೆನ್ನು ತೆಗೆದು ಕಾಗದಕ್ಕೆ ಸಹಿ ಮಾಡಿದರು. ಗೋಡೆಯ ಗಡಿಯಾರದಲ್ಲಿ ಮೂರೂ ಇಪ್ಪತ್ತು. ಕಿಟಕಿಯಾಚೆ ಮೋಡವೊಂದು ಎದುರು ಕಟ್ಟಡದ ಗಾಜಿನಲ್ಲಿ ಒಂದು ಚೌಕದಿಂದ ಇನ್ನೊಂದಕ್ಕೆ ದಾಟುತ್ತಿತ್ತು, ಪ್ರತಿ ಸಲ ಅಂಚಿನಲ್ಲಿ ಕೊಂಚ ತುಂಡಾಗಿ. ಅದನ್ನೇ ನೋಡುತ್ತಾ ನಿಂತ. ಹೇಳಬೇಕಾದ್ದು ಹೇಳಿದೆನಲ್ಲ, ಅಂದಿತು ಒಳಗಿನ ದನಿ. ನಂಬದಿದ್ದರೆ ಅದು ಅವರ ಪಾಡು. ಎಷ್ಟು ಸುಖವಾದ ದನಿ ಅದು, ಮಧ್ಯಾಹ್ನದ ಜೊಂಪಿನಂತೆ ರೆಪ್ಪೆಯ ಮೇಲೆ ಬಂದು ಕೂತಿತು. ಬಾಗಿಲು ಮೂರೇ ಹೆಜ್ಜೆ. ಹೋಗಿ ಚಹಾ ಕುಡಿಯಬಹುದು. ಇವರು ಚೀಟಿ ಅಂಟಿಸುತ್ತಾ ಇನ್ನೊಂದೆರಡು ವರ್ಷ ಕಳೆದು ಮನೆಗೆ ಹೋಗುತ್ತಾರೆ, ಬೀಳ್ಕೊಡುಗೆಯಲ್ಲಿ ಇವನೇ ಎದ್ದು ನಾಲ್ಕು ಒಳ್ಳೆಯ ಮಾತಾಡುತ್ತಾನೆ. ಅವರ ಕೊರಳಿಗೆ ಹಾರ ಹಾಕುವ ತನ್ನ ಕೈ ಕಂಡಿತು. ಆ ಕೈ ಕಂಡದ್ದೇ ಅವನಿಗೆ ವಾಕರಿಕೆ ಬಂತು.

“ಅಕ್ಕ, ಇನ್ನೊಂದೇ ಒಂದು ಸಲ. ಇದೊಂದು ಸಲ ನನ್ನ ಮಾತು ಕೇಳಿ,” ಅಂದ. ಕೀಲಿಮಣೆ ಎಳೆದುಕೊಂಡು ಆ ಎರಡು ಅಂಕಿಗಳ ಜಾಗ ತೆರೆದ. “ಇಲ್ಲಿ ನೋಡಿ. ಈಗ ಇದು ನೂರಕ್ಕೆ ಐದು. ಅವತ್ತು ಐವತ್ತಿತ್ತು. ಇದು ಐದು ಸೆಕೆಂಡು. ಅವತ್ತು ಒಂದು ಗಂಟೆ.” ಹಳೆಯ ಅಂಕಿಗಳನ್ನೇ ಮತ್ತೆ ಒತ್ತಿ ಒತ್ತಿ ಬರೆದ. ಅಪರಾಧಿಯನ್ನು ಆ ಜಾಗಕ್ಕೇ ಕರೆದೊಯ್ದು ಹೇಗೆ ಮಾಡಿದೆ ತೋರಿಸು ಅನ್ನುತ್ತಾರಂತಲ್ಲ, ಅವನ ಬೆರಳುಗಳಿಗೆ ದಾರಿ ಚೆನ್ನಾಗಿ ನೆನಪಿತ್ತು. “ಈಗ ಹೇಳಿ. ಒತ್ತಿದ ಮೇಲೆ ಕಡತ ಮುಚ್ಚಬೇಡಿ. ಮುಚ್ಚಿದ್ರೆ ದನಿ ಕೆಳಗೆ ಹೋಗಿಬಿಡುತ್ತೆ. ಅವತ್ತು ನೀವು ಮುಚ್ಚಿರಲಿಲ್ಲ.”

“ಇಲ್ಲ, ಮುಚ್ಚಿರಲಿಲ್ಲ,” ಅಂದರು ಕಿವಿಯಕ್ಕ. “ಚಹಾ ಕುಡಿದು ಇನ್ನೊಂದು ಸಲ ಕೇಳೋಣ ಅಂತ ತೆರೆದೇ ಇಟ್ಟಿದ್ದೆ. ಅದು ನಿನಗೆ ಹೇಗೆ ಗೊತ್ತು? ಆ ಹೊತ್ತಿಗೆ ಪರದೆ ಆರಿತ್ತಲ್ಲ.” ಅವನು ಅಳಿಸಿದ ದಿನಚರಿಯಲ್ಲಿ ಅದೂ ಇತ್ತು. ಅವರು ಒಂದು ಗಳಿಗೆ ಅವನನ್ನು ನೋಡಿ, ಮೈಕಿನ ಕಡೆ ತಿರುಗಿದರು. ಏನು ಹೇಳುವುದೆಂದು ತೋಚಲಿಲ್ಲವೇನೋ, ಬಾಯಿಗೆ ಬಂದದ್ದನ್ನೇ ಹೇಳಿದರು. “ಮೇಲೆ ಎರಡು, ಕೆಳಗೆ ಒಂದು, ಬಿಡು ಮೂರು, ಹಿಡಿ ನೂಲು, ಅಂಚಿಗೆ ಬಂದೆ, ತಿರುಗು ನೂಲು…” ಹೇಳುತ್ತಾ ಹೇಳುತ್ತಾ ಅವರ ದನಿ ಬೇರೆಯಾಯಿತು. ಒಣಗಿದ, ಹಲ್ಲಿಲ್ಲದ, ತುಂಬ ದೂರದ ದನಿ. ಕಣ್ಣು ಮುಚ್ಚಿದ್ದರು. ಬಲಗೈ ತಾನಾಗಿ ಎಡಕ್ಕೂ ಬಲಕ್ಕೂ ಓಡಾಡುತ್ತಿತ್ತು. ಅವನು ತನಗೆ ಗೊತ್ತಿಲ್ಲದೆಯೇ ಬಗ್ಗಿ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟ. ಹತ್ತು ನಿಮಿಷವಾದರೂ ಆಗಿರಬೇಕು. ಎಲ್ಲಿಯೂ ತಡವರಿಸಲಿಲ್ಲ, ಒಂದು ನೂಲೂ ತಪ್ಪಲಿಲ್ಲ. ಕೊನೆಗೆ ಕಣ್ಣು ಬಿಟ್ಟು ಉಳಿಸು ಒತ್ತಿದರು. ‘ಉಳಿಸಲಾಗಿದೆ.’ ಅವನು ಇಡೀ ಎರಡು ನಿಮಿಷ ಗಡಿಯಾರ ನೋಡಿಕೊಂಡು ಕಾದ. ಆಮೇಲೆ ಪ್ಲಗ್ ಕಿತ್ತ.

ಯಂತ್ರ ಮತ್ತೆ ಎದ್ದಾಗ ಕಡತದ ಹೆಸರಿತ್ತು. ಒಳಗೆ ಸೊನ್ನೆ.

ಕಿವಿಯಕ್ಕ ಪರದೆಯ ಹತ್ತಿರ ಮುಖ ತಂದು ನೋಡಿದರು. “ಇನ್ನೊಂದು ಸಲ,” ಅಂದರು. ಮತ್ತೆ ಒಂದೆರಡು ಸಾಲು ಹೇಳಿದರು, ಒತ್ತಿದರು, ಈ ಸಲ ಮೇಜಿನ ಕೆಳಗೆ ತಾವೇ ಮೊಣಕಾಲೂರಿ ಹೋಗಿ ಪ್ಲಗ್ ಕಿತ್ತರು. ಸೊನ್ನೆ. “ಇನ್ನೊಂದು,” ಅಂದರು. ಮತ್ತೂ ಸೊನ್ನೆ. ಮೂರನೆಯ ಸಲ ಎದ್ದವರು ಕೂದಲಿಗೆ ಅಂಟಿದ ಧೂಳನ್ನೂ ಒರೆಸಿಕೊಳ್ಳದೆ ಕುರ್ಚಿಯಲ್ಲಿ ಕೂತು, ಎರಡು ಕೈಯನ್ನೂ ತೊಡೆಯ ಮೇಲೆ ಇಟ್ಟುಕೊಂಡು, ಆ ಕೈಗಳು ಯಾರವೋ ಅನ್ನುವಂತೆ ತಿರುಗಿಸಿ ತಿರುಗಿಸಿ ನೋಡಿದರು.

“ಒತ್ತಿದ್ದೆ,” ಅಂದರು.

“ಒತ್ತಿದ್ರಿ ಅಕ್ಕ.”

“ಹಾಗಾದ್ರೆ ಈ ಲೆಕ್ಕಾನೂ ನಿಜ. ಮುದುಕಿದೇ.”

“ನಿಜ ಅಕ್ಕ. ಅಷ್ಟೂ ನಿಜ.”

ಅವರು ಉಸಿರು ಬಿಟ್ಟರು. ಮುಖದ ಮೇಲೆ ಏನೋ ಸಡಿಲಾಗಿ, ಒಂದು ಗಳಿಗೆ ಅವರು ತೀರ ಚಿಕ್ಕವರಂತೆ ಕಂಡರು. ಸಹಿ ಮಾಡಿದ ಕಾಗದವನ್ನು ಎಳೆದುಕೊಂಡು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. “ಯಾವತ್ತು ಗೊತ್ತಾಯ್ತು ನಿಮಗೆ?” ಅಂದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನನ್ನು ನೀವು ಅಂದದ್ದು.

“ಅವತ್ತೇ.”

“ಎಷ್ಟು ಹೊತ್ತಿಗೆ?”

“ಹತ್ತು ನಿಮಿಷದೊಳಗೆ. ದೊಡ್ಡವರು ಕೇಳೋ ಮೊದಲೇ.”

ಕಿವಿಯಕ್ಕ ತಲೆಯಾಡಿಸಿದರು. ಬೈಯುತ್ತಾರೆ ಅಂತ ಅವನು ಕಾದ. ಬೈಯಲಿ, ಕೆನ್ನೆಗೆ ಹೊಡೆಯಲಿ, ಇಡೀ ಅಂತಸ್ತಿಗೆ ಕೇಳುವಂತೆ ಕೂಗಲಿ. ಅವರು, “ನಾಲ್ಕಕ್ಕೆ ದೊಡ್ಡವರ ಹತ್ರ ನೀವೇ ಹೇಳಬೇಕು,” ಅಂದರು. “ನಾನು ಪಕ್ಕದಲ್ಲಿ ನಿಂತಿರ್ತೀನಿ. ಒಂದಕ್ಷರ ನುಂಗಬಾರದು.” ಹೇಳ್ತೀನಿ ಅಂದ ಅವನು. ಆ ಮಾತು ಬಾಯಿಂದ ಬರುವ ಮೊದಲೇ ಒಳಗೆ ಇಳಿದಿತ್ತು. ಅವನಿಗೇ ಆಶ್ಚರ್ಯವಾಯಿತು. ಕೆಲಸ ಹೋಗಬಹುದು, ಹೋಗಲಿ. ಕೋಣೆಯ ಬೆಳಕು ತಿಳಿಯಾಗಿ ಕಂಡಿತು, ಮೇಜಿನ ಮರದ ಗೆರೆಗಳು, ಚಕ್ರದ ಮೇಲಿನ ಎಣ್ಣೆಯ ಹೊಳಪು, ಎಲ್ಲವನ್ನೂ ಯಾರೋ ಈಗಷ್ಟೇ ತೊಳೆದಿಟ್ಟಂತೆ. ಎಲ್ಲ ಸರಿಹೋಗುತ್ತದೆ ಅನ್ನಿಸಿತು. ಟೇಪು ಹೋದರೂ ಎಣಿಕೆ ಇವರ ತಲೆಯಲ್ಲಿದೆ, ನಾಳೆಯೇ ಕೂತು ಮತ್ತೆ ಇಳಿಸಬಹುದು. ಹಾಗಾದರೆ ಹೋದದ್ದಾದರೂ ಏನು? ಏನೂ ಇಲ್ಲ. ಕಣ್ಣು ಮಂಜಾಗಿ, ಅವನಿಗೆ ನಗು ಬಂತು, ಸಣ್ಣಗೆ ನಕ್ಕೂ ಬಿಟ್ಟ. ಕೀಲಿಮಣೆಯ ಮೇಲೆ ಬಗ್ಗಿ ಅಂಕಿಗಳನ್ನು ಮತ್ತೆ ಇಳಿಸಿದ. ಕಿವಿಯಕ್ಕ ಅವನ ಹೆಗಲ ಮೇಲಿಂದ ಒಂದೊಂದನ್ನೂ ಗಟ್ಟಿಯಾಗಿ ಓದಿ ನೋಡಿದರು.

ಆಮೇಲೆ ಬಾಗಿಲವರೆಗೆ ಹೋದವರು ತೆರೆಯಲಿಲ್ಲ. ಹಿಡಿಕೆಯ ಮೇಲೆ ಕೈಯಿಟ್ಟು, ಅವನಿಗೆ ಬೆನ್ನು ಮಾಡಿಯೇ ನಿಂತರು.

“ಮನೇಲಿ ಮಗಳ ಹೆಣ್ಣು ಮಗು ಇದೆ,” ಅಂದರು. “ಹುಟ್ಟಿದ ಹನ್ನೊಂದನೇ ದಿನದಿಂದ ನಾನೇ ನೀರು ಹಾಕ್ತಿದ್ದೆ. ನನ್ನ ದನಿ ಕೇಳಿದ್ರೆ ಸಾಕು, ಕೈಕಾಲು ಬಡೀತಿತ್ತು. ಅವತ್ತು ಇಲ್ಲಿಂದ ಮನೆಗೆ ಹೋದೆ. ಮಗಳು ಬಿಸಿನೀರು ತೋಡಿಟ್ಟು ಮಗೂನ ಕೈಗೆ ಕೊಡೋಕೆ ಬಂದಳು. ನನಗೆ ಹೆದರಿಕೆಯಾಯ್ತು. ಟಬ್ಬಲ್ಲಿ ಬಿಟ್ಟು ಟವಲು ತರೋಕೆ ಹೋಗಿ, ಬಿಟ್ಟಿದ್ದನ್ನೇ ಮರೆತರೆ? ಬೇಡ ಅಂದೆ. ಅವತ್ತಿಂದ ಮುಟ್ಟಿಲ್ಲ. ಕೂಸು ನನ್ನ ಕಡೆ ಕೈ ಚಾಚಿದ್ರೆ ಎದ್ದು ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕ್ಕೋತಿದ್ದೆ. ಒಳಗಿಂದ ಅವಳು ಅಳೋದು ಕೇಳ್ತಿತ್ತು.”

ಗೋಡೆಯ ಬಟ್ಟೆ ಎಲ್ಲ ಸದ್ದನ್ನೂ ಹೀರಿಕೊಂಡಿತ್ತು.

“ಆಗ ಅವಳಿಗೆ ಐದು ತಿಂಗಳು, ಈಗ ಎಂಟು. ನಿನ್ನೆ ತಡೀಲಾರದೆ ಎತ್ಕೊಂಡೆ, ಮಗಳು ಪಕ್ಕದಲ್ಲೇ ಇದ್ದಳು ಅಂತ. ಹೊರಗಿನವರು ಯಾರೋ ಎತ್ಕೊಂಡ ಹಾಗೆ ಕಿರುಚಿ ಅತ್ತುಬಿಟ್ಟಳು. ನನ್ನ ಮುಖ ನೋಡಿದಳು, ಮತ್ತೆ ಅತ್ತಳು. ಅಮ್ಮನ ಹತ್ರ ಹೋಗೋಕೆ ನನ್ನ ಎದೆಗೆ ಕಾಲು ಕೊಟ್ಟು ಒದ್ದಳು.”

ಕಿವಿಯಕ್ಕ ಬಾಗಿಲು ತೆರೆದರು. ಮೊಗಸಾಲೆಯಲ್ಲಿ ಯಾರೋ ಬೂಟು ಸದ್ದು ಮಾಡಿಕೊಂಡು ಮಾತಾಡುತ್ತಾ ಹೋದರು.

“ನಾನು ಏನೂ ಮರೆತಿರಲಿಲ್ಲ,” ಅಂದರು. “ಮರೆತದ್ದು ಅವಳು. ನಡೀರಿ, ನಾಲ್ಕಾಗ್ತಾ ಬಂತು.”